ಬ್ಲಾಕ್‌ಚೈನ್ ಮತ್ತು ಒಂದು ಡಬ್ಬಿ ಸಕ್ಕರೆ

ನಮ್ಮ ಭಾವನವರ ಮುಂದೆ ‘ಕಾಯಿನ್’ ಅನ್ನೋ ಮಾತು ಎತ್ತಬಾರದು. ಎತ್ತಿದರೆ, ತಟ್ಟೆಯಲ್ಲಿ ಬಿಸಿ ರೊಟ್ಟಿ ಇದ್ದರೂ ಎದ್ದು ಗಿರಣಿ ಕಡೆ ಹೊರಟುಬಿಡ್ತಾರೆ. ಕಂಪ್ಲಿಯಲ್ಲಿ ಅವರದು ಅಕ್ಕಿ ಗಿರಣಿ, ಅವರ ಅಪ್ಪನ ಕಾಲದ್ದು. ತಕ್ಕಡಿ ಮುಂದೆ ಯಾರನ್ನೂ ನಂಬದ, ತಕ್ಕಡಿಯಿಂದ ಆಚೆ ಬಂದರೆ ಎಲ್ಲರನ್ನೂ ನಂಬೋ ಮನುಷ್ಯ. ಅಂಥವರಿಗೆ ಒಬ್ಬ ಏಜೆಂಟ ಟೋಪಿ ಹಾಕಿದ. ಫೋನಿಗೆ ಒಂದು ಆಪ್ ಹಾಕಿಕೊಟ್ಟು, “ಬ್ಲಾಕ್‌ಚೈನ್ ಐತ್ರಿ ಸಾವ್ಕಾರ್ರ, ಯಾರಪ್ಪನಿಂದಾನೂ ಅಳಸಾಕ ಆಗಂಗಿಲ್ಲ” ಅಂತ ಯಾವುದೋ ಡಿಜಿಟಲ್ ಕಾಯಿನ್ನಿಗೆ ರೊಕ್ಕ ಹಾಕಿಸಿದ. ಸ್ವಲ್ಪ ದಿನ ಅಂಕಿ ಏರಿದ್ದೇ ಏರಿದ್ದು. ಒಂದು ಮುಂಜಾನೆ ಆಪೇ ತೆರೀಲಿಲ್ಲ, ಏಜೆಂಟನ ಫೋನೂ ಬಂದ್. “ಅಳಸಾಕ ಆಗಂಗಿಲ್ಲ ಅಂದವ, ತಾನ ಅಳಿಸಿ ಹೋದ ನೋಡು” ಅಂತ ಭಾವ ವರ್ಷಗಟ್ಟಲೆ ಉರಿದುಕೊಂಡರು. ರೊಕ್ಕ ಹೋಗಿದ್ದಕ್ಕಿಂತ, ತಾನು ಮೋಸ ಹೋದೆ ಅನ್ನೋದೇ ಅವರಿಗೆ ಹೊಟ್ಟೆಯೊಳಗೆ ಕೂತಿತ್ತು.

ನಂದು ಹೊಸಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಬೋರಿನ ಮೋಟಾರು ಸುಟ್ಟರೆ ರೈತರು ನನ್ನ ಹತ್ರ ಬರ್ತಾರೆ. ಮನೆಯೊಳಗೆ ಏನಾದರೂ ಹೊತ್ತಿಕೊಂಡರೆ ನಮ್ಮ ನೆಂಟರೂ ನನ್ನ ಹತ್ರಾನೇ ಬರ್ತಾರೆ. ಹಾಗೇ ಒಂದು ಸಂಜೆ ಅಕ್ಕನ ಮಗಳು ಬಂದಳು. ಇಲ್ಲೇ ಹೊಸಪೇಟೆಯ ಒಂದು ಕಾಲೇಜಿನಲ್ಲಿ ಪಾಠ ಮಾಡ್ತಾಳೆ, ದಿನಾ ಕಂಪ್ಲಿ ಬಸ್ಸಿಗೆ ಬಂದು ಹೋಗ್ತಾಳೆ. ಬಂದವಳೇ ಸ್ಟೂಲಿನ ಮೇಲೆ ಕೂತು, ಪೀಠಿಕೆ ಗೀಠಿಕೆ ಏನೂ ಇಲ್ಲದೆ ಶುರು ಮಾಡಿದಳು.

“ಮಾಮಾ, ನಾ ಒಬ್ಬನ್ನ ನೋಡೀನಿ.”

“ನೋಡವ್ವ, ದೇವರು ಕಣ್ಣು ಕೊಟ್ಟಿರೋದ ಅದಕ್ಕ.”

“ಚ್ಯಾಷ್ಟಿ ಬ್ಯಾಡ. ಸಂಡೂರಿನವ. ನಮ್ಮ ಪೈಕಿನ. ತಾಯಿ ಒಬ್ಬರ ಅದಾರ. ಭಾಳ ಚಲೋ ಮನುಷ್ಯ.”

“ಮತ್ತಿನ್ನೇನು ಬೇಕು? ನಾಳೆನ ನಿಮ್ಮಪ್ಪನ ಹತ್ರ ಮಾತಾಡ್ತೀನಿ. ಏನು ಕೆಲಸ ಮಾಡ್ತಾನ?”

ಆಕೆ ತಾಮ್ರದ ತಂತಿಯ ಸುರುಳಿ ಕೈಗೆ ತಗೊಂಡು ಸುಮ್ಮನೆ ತಿರುಗಿಸಿದಳು. ಆಮೇಲೆ ಮೆತ್ತಗೆ “ಬ್ಲಾಕ್‌ಚೈನ್” ಅಂದಳು.

ಸುಳ್ಳು ಯಾಕೆ ಹೇಳಲಿ, ನನ್ನ ಕೈಯಲ್ಲಿದ್ದ ಟೆಸ್ಟರು ಕೆಳಗೆ ಬಿತ್ತು. “ಯವ್ವಾ ನನ್ನ ತಾಯಿ! ಈ ಸೀಮಿಯೊಳಗ ಬ್ಯಾರೆ ಕೆಲಸದವರು ಯಾರೂ ಸಿಗಲಿಲ್ಲೇನ ನಿನಗ?”

ಆಕೆ ನಕ್ಕಳು, ನಗ್ತಿದ್ದ ಹಾಗೇ ಕಣ್ಣು ತುಂಬಿತು. ಅವನು ಇವರ ಕಾಲೇಜಿಗೆ ಭಾಷಣ ಮಾಡಲು ಬಂದಿದ್ದನಂತೆ. ಇದೆಲ್ಲ ಬರೀ ಗಾಳಿ ಅಂತ ಹುಡುಗರ ಎದುರಿಗೇ ಮೊದಲು ಜಗಳ ತೆಗೆದವಳು ಇವಳೇ ಅಂತೆ. ಮನೆಯಲ್ಲಿ ವಿಷಯ ಹೇಳಿ ಆಗಿತ್ತು. ಭಾವ, ಸಟ್ಟಾ ಆಡೋರಿಗೆ ನನ್ನ ಮಗಳನ್ನ ಕೊಡಂಗಿಲ್ಲ ಅಂತ ಒಂದೇ ಮಾತಿಗೆ ಬಾಗಿಲು ಹಾಕಿದ್ದರು. “ನಾ ಓಡಿ ಹೋಗಾಕಿ ಅಲ್ಲ ಮಾಮಾ. ಆದ್ರ ಬ್ಯಾರೆಯವನ್ನ ಮಾಡ್ಕೊಳಾಕಿನೂ ಅಲ್ಲ. ಅಪ್ಪ ಒಂದು ಸಲ ಅವನ್ನ ಕುಂದ್ರಿಸಿ ಮಾತಾಡಲಿ. ಅಷ್ಟು ಮಾಡಿಸು” ಅಂದಳು. ಸಣ್ಣವಳಿದ್ದಾಗ ನನ್ನ ಹೆಗಲ ಮೇಲೆ ಕೂತು ತುಂಗಭದ್ರಾ ಡ್ಯಾಮು ನೋಡಿದ ಹುಡುಗಿ. ನನಗೆ ಸಂಕಟವಾಯಿತು. ಹೂಂ ಅಂದುಬಿಟ್ಟೆ.

ಮೊದಲು ಹುಡುಗನನ್ನ ನಾನೇ ಕರೆಸಿದೆ. ಅವನ ಆಫೀಸೂ ಹೊಸಪೇಟೆಯಲ್ಲೇ. ಇಬ್ಬರೂ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಗಾಡಿ ಮುಂದೆ ನಿಂತೆವು. “ಮೊದ್ಲ ಹೇಳಿಬಿಡು, ನಿನ್ನ ಕೆಲಸದಾಗ ಕಾಯಿನ್ ಐತೇನು?” ಅಂದೆ.

“ಇಲ್ರಿ ಮಾಮಾ. ಅದಿರು ಲಾರಿ ಲೆಕ್ಕ. ಗಣಿಯಿಂದ ಹೊಂಡೋವಾಗ ಒಂದು ತೂಕ, ಫ್ಯಾಕ್ಟರಿ ಬಾಗಿಲಿಗೆ ಒಂದು ತೂಕ. ಗಣಿಯವರು ಲಾರಿಯವರನ್ನ ನಂಬಂಗಿಲ್ಲ, ಲಾರಿಯವರು ಫ್ಯಾಕ್ಟರಿಯವರನ್ನ ನಂಬಂಗಿಲ್ಲ. ನಮ್ಮದ್ರಾಗ ಒಮ್ಮೆ ಬರೆದ್ರ ಎಲ್ಲರ ಹತ್ರಾನೂ ಒಂದ ಸಲಕ್ಕ ಹೋಗಿ ಕುಂದರ್ತೈತಿ. ಒಬ್ಬ ತಿದ್ದಿದ್ರ ಉಳಿದವರ ಹತ್ರ ಸಿಕ್ಕಿಬೀಳ್ತಾನ.”

“ಇಷ್ಟ ಏನು?”

“ಇಷ್ಟರಿ.”

ಈ ‘ಇಷ್ಟೇ’ ಅನ್ನೋದಕ್ಕೆ ಟಿವಿಯಲ್ಲಿ ಕೋಟು ಹಾಕಿಕೊಂಡವರು ಅಷ್ಟೊಂದು ಕಿರುಚಾಡೋದು ಯಾಕೆ ಅಂತ ನನಗೆ ತಿಳೀಲಿಲ್ಲ. ಆದರೆ ಹುಡುಗ ಹಿಡಿಸಿದ. ಮಿರ್ಚಿಯ ಖಾರಕ್ಕೆ ಕಣ್ಣು ಮೂಗು ಎಲ್ಲ ಸುರೀತಿದ್ದರೂ ನನಗಿಂತ ಒಂದು ಹೆಚ್ಚು ತಿಂದ. ಅಂಥವರ ಬಗ್ಗೆ ನನಗೆ ಮೊದಲಿಂದಲೂ ಒಂದು ಗೌರವ.

ಭಾವನನ್ನ ಒಪ್ಪಿಸಲು ನಾನು ಪಟ್ಟ ಪಾಡು ಶಿವನಿಗೇ ಗೊತ್ತು. ಕೊನೆಗೆ ಒಂದು ಭಾನುವಾರ ಹುಡುಗನೂ ಅವನ ತಾಯಿಯೂ ಬರೋದು ಅಂತಾಯಿತು. ದರೋಜಿ ಮೇಲಿಂದ ಮೋಟಾರ್ ಬೈಕಿನಲ್ಲಿ ಬಂದರು. ತಾಯಿಯ ಸೀರೆ ಸೆರಗಿಗೆ ಸಂಡೂರಿನ ಕೆಂಪು ಧೂಳು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ನಮ್ಮಕ್ಕನ ಅತ್ತೆ, ಅಂದರೆ ಭಾವನ ತಾಯಿ, ಆಕೆಯನ್ನ ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದಳು. ಈ ಅತ್ತೆ ಇಡೀ ಓಣಿಗೇ ಅವ್ವ. ಸ್ವಲ್ಪ ಹೊತ್ತಿಗೆ ಒಳಗಿಂದ ಇಬ್ಬರೂ ನಗೋ ಸದ್ದು ಬಂತು. ಹೊರಗೆ ಪಡಸಾಲೆಯಲ್ಲಿ ಮಾತ್ರ ಯಾರೂ ನಗ್ತಿರಲಿಲ್ಲ.

ಭಾವ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಕೋರ್ಟಿನ ಸಾಹೇಬರ ಹಾಗೆ ಕೂತಿದ್ದರು. ಹುಡುಗನಿಗೆ ಬಹುವಚನವೋ ಬಹುವಚನ. ಅವರು ಅಷ್ಟು ಮರ್ಯಾದೆ ಕೊಟ್ಟರೆ ನಾವೆಲ್ಲ ಹೆದರಬೇಕು.

“ನನ್ನ ಅಕ್ಕಿ ಉಂಡ್ರ ಹೊಟ್ಟಿ ತುಂಬತೈತ್ರಿ. ನಿಮ್ಮ ಆ ಚೈನು ಉಣ್ಣಾಕ ಬರತೈತೇನು? ಉಡಾಕ? ಹೊದಿಯಾಕ?”

“ಇಲ್ರಿ.”

“ಮತ್ತ ಅದಕ್ಕೆಂಥಾ ಬೆಲಿರಿ? ಆತು, ನನ್ನ ಗಿರಣಿಗೆ ಹಾಕಿಕೊಡ್ರಿ ನೋಡೋಣು. ಏನು ಫಾಯ್ದಾ ಆಕ್ಕೈತಿ?”

ಇದು ಬಲೆ ಅಂತ ನನಗೆ ಗೊತ್ತಾಯಿತು. ಏಜೆಂಟನೂ ಗಿರಣಿಯಿಂದಲೇ ಮಾತು ಶುರು ಮಾಡಿದ್ದ. ಆದರೂ ಹೂಂ ಅನ್ನು, ದೊಡ್ಡದಾಗಿ ಏನಾದರೂ ಹೇಳು ಅಂತ ನಾನು ಹುಡುಗನಿಗೆ ಕಣ್ಣು ಮಿಟುಕಿಸಿದ್ದೇ ಮಿಟುಕಿಸಿದ್ದು. ಅವನು ನನ್ನ ಕಡೆ ನೋಡಲೇ ಇಲ್ಲ.

“ನಿಮ್ಮ ಗಿರಣಿಗೆ ಬ್ಯಾಡ್ರಿ. ರೈತರು ನಿಮ್ಮ ತಕ್ಕಡಿ ನಂಬ್ತಾರ. ನಂಬಿಕಿ ಇದ್ದ ಕಡೆ ಇದು ಸುಮ್ಮನ ದಂಡದ ಖರ್ಚು. ಮಾರಾಕ ಬಂದವರು ಎಲ್ಲದಕ್ಕೂ ಹಾಕ್ರಿ ಅಂತಾರ. ಭಾಳ ಕಡೆ ಬೇಕಾಗಿರಂಗಿಲ್ಲ.”

ನಾನು ಹಣೆ ಹಣೆ ಬಡಕೊಂಡೆ. ಲಗ್ನದ ಮಾತಿಗೆ ಬಂದು, ತನ್ನ ಕೆಲಸ ಬೇಕಾಗೋದೇ ಇಲ್ಲ ಅಂತ ಹೇಳೋ ಅಳಿಯನನ್ನ ಎಲ್ಲಿಯಾದರೂ ಕಂಡಿದ್ದೀರಾ? ಒಳಬಾಗಿಲ ಹತ್ರ ನಿಂತಿದ್ದ ಅಕ್ಕನ ಮಗಳೂ ಕಣ್ಣು ಮುಚ್ಚಿಕೊಂಡಳು. ಭಾವ ಮಾತ್ರ ಸ್ವಲ್ಪ ಮುಂದಕ್ಕೆ ಸರಿದು ಕೂತರು. ಅವರಿಗೆ ಈ ಉತ್ತರ ನಿರೀಕ್ಷೆ ಇರಲಿಲ್ಲ.

“ಹಂಗಾರ ಇನ್ನೊಂದು ಕೇಳ್ತೀನಿ. ಅದ್ರಾಗ ಸುಳ್ಳು ಬರೆದ್ರ?”

“ಸುಳ್ಳೂ ಹಂಗ ಉಳೀತೈತ್ರಿ. ಖರೆ ಯಾವುದು ಸುಳ್ಳು ಯಾವುದು ಅಂತ ಅದಕ್ಕ ತಿಳಿಯಂಗಿಲ್ಲ. ಬರೆಯೋ ಮನುಷ್ಯ ನೆಟ್ಟಗಿರಬೇಕು.”

“ಕೇಳಿದೇನಲೇ!” ಅಂತ ಭಾವ ನನ್ನ ಕಡೆ ತಿರುಗಿ ತೊಡೆ ತಟ್ಟಿದರು. “ಸುಳ್ಳನ್ನೂ ಜ್ವಾಕಿ ಮಾಡಿ ಇಡತೈತಂತ! ಇದಕ್ಕೇನು ಬೆಲಿ ಅಂತ ನೀನ ಹೇಳು.”

ನನಗೆ ಸಿಟ್ಟು ನೆತ್ತಿಗೇರಿತು. ಭಾವನ ಮೇಲೂ ಸಿಟ್ಟು, ಆ ಸತ್ಯವಂತನ ಮೇಲೂ ಸಿಟ್ಟು. “ಭಾವಾ, ಸ್ವಲ್ಪ ತಡೀರಿ. ಲಗ್ನದ ಮಾತು ಮುಗಿದ ಮ್ಯಾಲ ಓಣಿಗೆಲ್ಲ ಯಾಕ ಸಕ್ಕರಿ ಹಂಚ್ತೀವಿ? ಎಲ್ಲರ ಬಾಯಾಗೂ ಬಿದ್ದ ಮ್ಯಾಲ ಯಾರೂ ಇಲ್ಲ ಅನಬಾರದು ಅಂತ ಹೌದಲ್ಲೋ? ಇದೂ ಹಂಗ. ನಾ ತೋರಿಸ್ತೀನಿ ತಡೀರಿ” ಅಂತ ಎದ್ದೆ. ಇಲ್ಲಿ ಕೂತವರ ಅಂಗೈಗೆ ಒಂದೊಂದು ಚಿಟಿಕೆ ಸಕ್ಕರೆ ಇಟ್ಟು ಭಾವನಿಗೆ ಬಿಡಿಸಿ ಹೇಳೋದು ನನ್ನ ವಿಚಾರ. ಅಡುಗೆಮನೆಗೆ ನುಗ್ಗಿ, “ಅವ್ವಾ, ಸಕ್ಕರಿ ಕೊಡ್ರಿ” ಅಂದೆ.

ಇಲ್ಲಿ ಆ ಮನೆಯ ಒಂದು ಪದ್ಧತಿ ಹೇಳಲೇಬೇಕು, ಇಲ್ಲದಿದ್ದರೆ ನನ್ನ ದಡ್ಡತನ ಪೂರ್ತಿ ತಿಳಿಯೋದಿಲ್ಲ. ಹೆಣ್ಣಿನ ಲಗ್ನದ ಮಾತು ನಡೆದ ದಿನ, ಗಂಡಸರು ಒಪ್ಪಿದರು ಅನ್ನೋದನ್ನ ಒಳಗೆ ಬಾಯಿಬಿಟ್ಟು ಹೇಳೋ ಹಾಗಿಲ್ಲ. ಹುಡುಗಿಯ ಸೋದರಮಾವ ಅಡುಗೆಮನೆಗೆ ಬಂದು ಮನೆಯ ಹಿರಿಯಳ ಹತ್ರ ಸಕ್ಕರೆ ಕೇಳಬೇಕು. ಕೇಳಿದ ಅಂದರೆ ಮಾತು ಮುಗೀತು ಅಂತ ಅರ್ಥ. ನಮ್ಮಕ್ಕನ ನಾದಿನಿಯರ ಲಗ್ನಗಳಲ್ಲೂ ಹೀಗೇ ಆಗಿದ್ದು. ನನಗೆ ಇದೆಲ್ಲ ಚೆನ್ನಾಗಿ ಗೊತ್ತು. ಸಿಟ್ಟಿನ ಭರದಲ್ಲಿ ಯಾವನಿಗೆ ನೆನಪಿರುತ್ತೆ?

ಅವ್ವ ನನ್ನ ಮುಖ ಒಮ್ಮೆ ನೋಡಿದಳು. “ನೀ ಹೋಗಿ ಕುಂದ್ರು, ನಾ ನೋಡ್ಕೊಂತೀನಿ” ಅಂದಳು. ನಾನು ಹೊರಗೆ ಬಂದು ಕೂತೆ. ಸಕ್ಕರೆ ಈಗ ಬಂದೀತು ಆಗ ಬಂದೀತು ಅಂತ ಕಾದೆ, ಬರಲೇ ಇಲ್ಲ. ಬಂದದ್ದು ಎದುರುಮನೆಯ ಹೆಂಗಸು, ತಲೆಬಾಗಿಲಿಗೇ.

“ಏನ್ರಿ ಸಾವ್ಕಾರ್ರ, ಮಗಳ ಲಗ್ನ ಗೊತ್ತಾತಂತ! ಬಾಯಿ ಸಿಹಿ ಮಾಡ್ಕೊಂಡ ಬಂದೆ ನೋಡ್ರಿ!”

ಆಕೆಯ ಹಿಂದೆ ಮೂಲೆಮನೆಯ ಯಜಮಾನರು. ಅವರ ಹಿಂದೆ ಕಿರಾಣಿ ಅಂಗಡಿಯವರು. “ಸಂಡೂರಂತಲ್ರಿ, ಚಲೋ ಆತು ಬಿಡ್ರಿ” ಅಂತ ಎಲ್ಲರೂ ಒಟ್ಟಿಗೆ. ಭಾವನ ಮುಖ ಹೇಗಾಯಿತು ಅಂತ ನಾನು ಹೇಳಲಾರೆ, ಯಾಕಂದರೆ ನಾನು ನೋಡಲಿಲ್ಲ, ನನ್ನ ಕಾಲ ಬೆರಳು ನೋಡ್ತಾ ಕೂತಿದ್ದೆ. ಬಂದವರನ್ನ ಅಕ್ಕ ಹೇಗೋ ಮಾತಾಡಿಸಿ ಕಳಿಸಿದಳು. ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ಅವ್ವ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಬಂದಳು.

“ಯವ್ವಾ! ಯಾರು ಹೇಳಿದ್ರು ನಿನಗ?” ಅಂತ ಭಾವ ಗುಡುಗಿದರು.

“ಸೋದರಮಾವ ಬಂದು ಕೇಳಿದ. ಕೇಳಿದ ಮ್ಯಾಲ ಕೊಡಬೇಕೋ ಬ್ಯಾಡೋ?” ಅಂದಳು ಅವ್ವ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ. ಆಕೆಗೆ ನಿಜವಾಗಲೂ ತಪ್ಪು ತಿಳಿದಿತ್ತೋ, ಇಲ್ಲ ಬೇಕಂತಲೇ ತಿಳಿದುಕೊಂಡಳೋ, ಆ ಅನುಮಾನ ನನಗೆ ಇವತ್ತಿಗೂ ಇದೆ.

ಭಾವ ಹುಡುಗನ ಕಡೆ ತಿರುಗಿದರು. ಧ್ವನಿ ತಣ್ಣಗಿತ್ತು. “ಈಗ ಹೇಳ್ರಿ ಚೈನಿನವರ. ನಾ ಒಪ್ಪಿಲ್ಲ. ಓಣಿ ತುಂಬ ಸುಳ್ಳು ಬರೆದಾತು. ಹೆಂಗ ಅಳಸ್ತೀರಿ?”

“ಅಳಸಾಕ ಬರಂಗಿಲ್ರಿ” ಅಂದ ಹುಡುಗ. “ಹಿಂದಿಂದು ತಪ್ಪಾತು ಅಂತ ಅದರ ಮುಂದ ಇನ್ನೊಂದು ಸಾಲು ಬರೀಬೇಕು, ಅಷ್ಟ.” ಹಾಗಂದು ಎದ್ದು ನಿಂತ. “ನಾ ಮನಿಮನಿಗೆ ಹೋಗಿ ಹೇಳಿ ಬರ್ತೀನ್ರಿ. ಹಿರಿಯರು ಇನ್ನೂ ಒಪ್ಪಿಲ್ಲ, ಅವಸರ ಮಾಡಿದಾವ ನಾನ ಅಂತ. ಬೈದ್ರ ನನ್ನ ಬೈಲಿ. ನಿಮ್ಮ ಮನಿ ಮ್ಯಾಲ ಮಾತು ಬರೋದು ಬ್ಯಾಡ.”

ಅವನು ತಪ್ಪು ನನ್ನದು ಅನ್ನಬಹುದಿತ್ತು. ಅವ್ವನದು ಅನ್ನಬಹುದಿತ್ತು. ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ಬಾಗಿಲ ಹತ್ರ ಅಕ್ಕನ ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಅವನ ತಾಯಿ ಒಳಗಿಂದ ಬಂದು ಮಗನ ಬೆನ್ನು ನೋಡ್ತಾ ನಿಂತಿದ್ದರು. ಇಂಥ ಹುಡುಗನನ್ನ ಕೈಯಾರೆ ಕಳಕೊಂಡೆವಲ್ಲ ಅಂತ ಜೀವ ಚುರುಕ್ ಅಂದಿತು.

ಅವನು ಎದುರುಮನೆಯ ಕಟ್ಟೆ ಹತ್ತಿದ್ದ. ಬಾಗಿಲು ಬಡಿಯಲು ಕೈ ಎತ್ತಿದ್ದ.

“ಲೇ!”

ಭಾವನ ಕೂಗಿಗೆ ಓಣಿಯ ನಾಯಿಯೂ ಎದ್ದು ನಿಂತಿತು.

“ಬಾರಲೇ ಒಳಗ. ಸುಮ್ಮನ ಬಂದು ಕುಂದ್ರು.”

ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಭಾವ ‘ಲೇ’ ಅನ್ನೋದು ಮನೆಯವರಿಗೆ ಮಾತ್ರ. ಹುಡುಗ ಗಾಬರಿಯಿಂದ ಬಂದು, ಮೊದಲಿದ್ದ ಜಾಗದಲ್ಲೇ ಕೂತ. ಭಾವ ಅವನನ್ನ ನೋಡಲಿಲ್ಲ. ಅವ್ವನ ಮುಂದೆ ಹೋಗಿ ನಿಂತು, ಸಣ್ಣ ಮಕ್ಕಳ ಹಾಗೆ ಅಂಗೈ ಮುಂದೆ ಚಾಚಿದರು.

“ಯವ್ವಾ, ಓಣಿಗೆಲ್ಲ ಕೊಟ್ಟಿ. ನನಗ?”

ಅವ್ವ ಡಬ್ಬಿ ಬೋರಲು ಹಾಕಿ ತೋರಿಸಿದಳು. ಒಂದು ಹರಳೂ ಇರಲಿಲ್ಲ. ಅಡುಗೆಮನೆಯಲ್ಲಿ ಹುಡುಕಿದರೆ ಬರೀ ಬೆಲ್ಲ. ಸಕ್ಕರೆನೇ ಬೇಕು ಅಂತ ಅವ್ವನ ಹಟ. ಆಗ ಭಾವ ನನ್ನ ಕಡೆ ಕಣ್ಣು ಬಿಟ್ಟರು. ನಾನು ಬರಿಗಾಲಲ್ಲಿ ಎದುರುಮನೆಗೆ ಓಡಿದೆ. “ಅಕ್ಕಾರ, ನಮ್ಮ ಸಕ್ಕರಿಯೊಳಗ ನಮಗ ಸ್ವಲ್ಪ ಕೊಡ್ರಿ” ಅಂದೆ. ಆಕೆ ಬಿದ್ದು ಬಿದ್ದು ನಕ್ಕು, ಸಕ್ಕರೆಯ ಬಟ್ಟಲು ತಂದು ನನ್ನ ಕೈಗಿಟ್ಟಳು. ಸಕ್ಕರೆಯ ಮೇಲೆ ಅವ್ವನ ಬೆರಳಿನ ಗುರುತು ಇನ್ನೂ ಹಾಗೇ ಇತ್ತು.

ಅವ್ವ ಅದರಿಂದಲೇ ಒಂದು ಹಿಡಿ ತೆಗೆದು ಮಗನ ಅಂಗೈಗೆ ಹಾಕಿದಳು. ಭಾವ ಆ ಸಕ್ಕರೆ ಹಿಡಿದುಕೊಂಡೇ ಹುಡುಗನ ಮುಂದೆ ಬಂದು ನಿಂತರು. ಆಮೇಲೆ ಹುಡುಗನಿಗೆ ಅಂದರು: “ಮನಿಯಾಗ ಮುಗಿದ್ರ ಓಣಿಯೊಳಗ ಸಿಗತೈತಿ. ಇಷ್ಟು ಬೆಲಿ ಐತಿ ಬಿಡಪಾ ನಿನ್ನ ಚೈನಿಗೆ. ಒಪ್ಪಿದೆ.”

“ಯಾವುದಕ್ಕ ಒಪ್ಪಿದ್ರಿ ಭಾವಾ? ಚೈನಿಗೋ, ಲಗ್ನಕ್ಕೋ?” ಅಂತ ನಾನು ಬಾಯಿ ಹಾಕಿದೆ.

“ನೀ ಬಾಯಿ ಮುಚ್ಚು” ಅಂದರು. ಅರ್ಧ ಸಕ್ಕರೆ ತಮ್ಮ ಬಾಯಿಗೆ ಹಾಕಿಕೊಂಡು, ಉಳಿದರ್ಧ ಹುಡುಗನ ಬಾಯಿಗೆ ಹಾಕಿದರು.