ಗುಲಾಬಿ ತಡವಾಗಿ ಬರೆದ ಪತ್ರ

ಬಾಂಬಿಗೂ ಜಗ್ಗದ ಗೋಡೆಗಳನ್ನು ವಿನ್ಯಾಸ ಮಾಡುವುದು ಗುಲಾಬಿ ಸುವರ್ಣರ ಕೆಲಸ. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಶೀನಪ್ಪನವರನ್ನು ಮದುವೆಯಾಗಿ ಅಮೆರಿಕದ ಗೈದರ್ಸ್‌ಬರ್ಗ್‌ಗೆ ಬಂದ ಹೊಸದರಲ್ಲಿ ಅವರು ಸೇತುವೆಗಳ ಕೆಲಸದಲ್ಲಿದ್ದರು. ನ್ಯೂಯಾರ್ಕಿನ ಅವಳಿ ಗೋಪುರಗಳು ಬಿದ್ದ ಮೇಲಂತೂ ಅಮೆರಿಕ ಹೊರದೇಶಗಳಲ್ಲಿದ್ದ ತನ್ನ ರಾಯಭಾರ ಕಚೇರಿಗಳನ್ನು ಪೇಟೆಯ ನಡುವಿನಿಂದ ಎಬ್ಬಿಸಿ ದಪ್ಪ ಗೋಡೆಗಳ ಹಿಂದೆ ಕೂರಿಸತೊಡಗಿತು. ಅಂಥ ಕೆಲಸ ಹಿಡಿದಿದ್ದ ಕಂಪನಿಯೊಂದಕ್ಕೆ ಗುಲಾಬಿ ಸೇರಿಕೊಂಡರು. ಸರ್ಕಾರ ಅವರ ಹಿನ್ನೆಲೆಯನ್ನೆಲ್ಲ ಜಾಲಾಡಿ, ಗುಟ್ಟಿನ ನಕ್ಷೆಗಳನ್ನು ನೋಡಲು ಬೇಕಾದ ಸೆಕ್ಯುರಿಟಿ ಕ್ಲಿಯರೆನ್ಸ್ ಕೊಟ್ಟಿತು. ವಿದೇಶಿಯರ ಜೊತೆ ಒಡನಾಟವಿದ್ದರೆ ತಿಳಿಸಬೇಕೆಂಬುದು ಅದರ ಕಟ್ಟುಪಾಡು. ಉಡುಪಿಯಲ್ಲಿದ್ದ ಸ್ವಂತ ಅಣ್ಣನ ಹೆಸರನ್ನೂ ಅವರು ಬರೆದುಕೊಟ್ಟಿದ್ದರು.

೨೦೧೧ರಲ್ಲಿ ಕಾಬೂಲಿನ ಒಂದು ಅಮೆರಿಕನ್ ಆವರಣದ ಗೋಡೆ ಅವರ ಪಾಲಿಗೆ ಬಂತು. ಗುಲಾಬಿ ಕಾಬೂಲ್ ಕಂಡವರಲ್ಲ. ಅಲ್ಲಿ ಅವರ ಕಣ್ಣಾಗಿದ್ದವನು ಜಲ್ಮಯ್ ಎಂಬ ಅಫ್ಘನ್ ಸೈಟ್ ಎಂಜಿನಿಯರ್. ಗೋಡೆಗೆ ನೀರು ಹರಿಯುವ ಕಿಂಡಿ ಬಿಡದಿದ್ದರೆ ಹಿಮ ಕರಗುವಾಗ ಪಕ್ಕದ ಓಣಿಯ ಮನೆಗಳು ಮುಳುಗುತ್ತವೆ ಎಂದು ಅವನು ಪಟ್ಟು ಹಿಡಿದ. ಕಿಂಡಿಯೆಂದರೆ ಅಪಾಯ ಎಂದು ಗುಲಾಬಿ ಎರಡು ಸಲ ತಳ್ಳಿಹಾಕಿದರು. ಮೂರನೇ ಸಲ ಅವನು ಆ ಓಣಿಯ ಫೋಟೊ ಕಳಿಸಿದ. ಮೊಣಕಾಲುದ್ದ ಕೆಸರಿನಲ್ಲಿ ಒಬ್ಬ ಮುದುಕಿ ಹಾಸಿಗೆ ಹೊತ್ತು ನಿಂತಿದ್ದಳು. ಗುಲಾಬಿ ಕಬ್ಬಿಣದ ಜಾಲರಿ ಹಾಕಿಸಿ ಕಿಂಡಿಗೆ ಒಪ್ಪಿದರು. ಅಂದಿನಿಂದ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಗೌರವ.

೨೦೨೧ರ ಆಗಸ್ಟಿನಲ್ಲಿ ತಾಲಿಬಾನ್ ಕಾಬೂಲ್ ಹೊಕ್ಕ ಮರುದಿನ ಜಲ್ಮಯ್‌ನ ಮೆಸೇಜ್ ಬಂತು. ತಾನು ಅಮೆರಿಕನ್ನರಿಗಾಗಿ ದುಡಿದವನೆಂದು ಯಾರಾದರೂ ಬರೆದುಕೊಟ್ಟರೆ ವೀಸಾಗೆ ಅರ್ಜಿ ಹಾಕಬಹುದು, ತನ್ನ ಕಂಪನಿ ಮುಚ್ಚಿಹೋಗಿದೆ, ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ ಎಂದು ಕೇಳಿಕೊಂಡಿದ್ದ.

ಗುಲಾಬಿ ಆಫೀಸಿನಲ್ಲಿ ವಿಚಾರಿಸಿದರು. ವಕೀಲರು ನೋಡುವ ತನಕ ಏನೂ ಬರೆಯಬೇಡಿ ಎಂಬ ಉತ್ತರ ಬಂತು. ಮನೆಯಲ್ಲಿ ಶೀನಪ್ಪನವರಿಗೂ ಭಯ.

“ಬರೀಬೇಡ ಅಂತ ನಾನು ಹೇಳಲ್ಲ,” ಎಂದರು. “ಆದ್ರೆ ನಾಳೆ ಅವನು ಏನಾದ್ರೂ ಮಾಡಿದ್ರೆ ನಿನ್ನನ್ನೇ ಕೇಳ್ತಾರೆ. ನೀನು ಅವನ ಮುಖ ಕೂಡ ನೋಡಿಲ್ಲ.”

ಗುಲಾಬಿ ಕಾದರು. ಟಿವಿಯಲ್ಲಿ ವಿಮಾನ ನಿಲ್ದಾಣದ ಗೇಟಿನ ನೂಕುನುಗ್ಗಲು ನೋಡುತ್ತ ಕಾದರು. ತಿಂಗಳ ಕೊನೆಗೆ ಅಮೆರಿಕದ ಕಡೆಯ ವಿಮಾನ ಹೊರಟುಹೋಯಿತು. ಮತ್ತೊಂದು ವಾರ ಕಳೆದ ಮೇಲೆ, ವಕೀಲರ ಮಾತಿಗೆ ಕಾಯದೆ, ಎರಡು ಪುಟದ ಪತ್ರ ಬರೆದು ಸಹಿ ಹಾಕಿದರು. ಆಫೀಸಿನವರು ಕೆಲಸದಿಂದ ತೆಗೆಯಲಿಲ್ಲ. ರಾಯಭಾರ ಕಚೇರಿಗಳ ಕೆಲಸ ಬಿಡಿಸಿ ಪಾರ್ಕಿಂಗ್ ಕಟ್ಟಡಗಳಿಗೆ ಹಾಕಿದರು.

ಜಲ್ಮಯ್ ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಗಡಿ ದಾಟಿ ಇಸ್ಲಾಮಾಬಾದ್ ಸೇರಿದ. ಅವನ ಹೆಸರು ಯಾವುದೋ ಶಂಕಿತನ ಹೆಸರಿಗೆ ಹೊಂದುತ್ತಿತ್ತು. ಇವನು ಅವನಲ್ಲ ಎಂದು ತೀರ್ಮಾನವಾಗಲು ಒಂದೂವರೆ ವರ್ಷ ಹಿಡಿಯಿತು. ಕೊನೆಗೂ ೨೦೨೫ರ ಡಿಸೆಂಬರಿನಲ್ಲಿ ವೀಸಾ ಸಂದರ್ಶನವೆಂದು ದಿನ ಗೊತ್ತಾಯಿತು.

ಅದಕ್ಕೆ ಎರಡು ವಾರವಿದೆ ಎನ್ನುವಾಗ ವಾಷಿಂಗ್ಟನ್ನಿನ ಬೀದಿಯಲ್ಲಿ ಇಬ್ಬರು ನ್ಯಾಷನಲ್ ಗಾರ್ಡ್ ಸೈನಿಕರ ಮೇಲೆ ಗುಂಡು ಹಾರಿತು. ಆರೋಪಿ ಅಫ್ಘಾನಿಸ್ತಾನದಿಂದ ಬಂದವನು. ಮರುದಿನ ಸೈನಿಕರಲ್ಲೊಬ್ಬಳು ತೀರಿಕೊಂಡಳು. ಅವಳಿಗೆ ಇಪ್ಪತ್ತು ವರ್ಷ. ಗುಲಾಬಿ ಅವಳಿಗಾಗಿ ಅತ್ತರು. ಆ ವಾರವೇ ಅಫ್ಘನ್ನರ ವೀಸಾಗಳೆಲ್ಲ ನಿಂತವು. ಜಲ್ಮಯ್‌ಗೆ ಫೋನ್ ಮಾಡಲು ಗುಲಾಬಿಗೆ ಧೈರ್ಯ ಬರಲಿಲ್ಲ. ಅವನೇ ಮಾಡಿದ. ಮೊದಲು ತೀರಿಕೊಂಡ ಆ ಹುಡುಗಿಯ ತಾಯಿಯ ಬಗ್ಗೆ ಕೇಳಿದ.

ನಾಲ್ಕು ವರ್ಷ ಗಂಟಲಲ್ಲೇ ಇಟ್ಟುಕೊಂಡಿದ್ದನ್ನು ಗುಲಾಬಿ ಆಗ ಹೇಳಿಬಿಟ್ಟರು. ಪತ್ರ ಮೊದಲೇ ಬರೆಯಬಹುದಿತ್ತು, ಹೆದರಿ ಮೂರು ವಾರ ಸುಮ್ಮನಿದ್ದೆ ಎಂದರು.

“ಗೊತ್ತಿತ್ತು ಮೇಡಂ,” ಎಂದ ಜಲ್ಮಯ್. “ಪತ್ರದ ಮೇಲೆ ತಾರೀಖು ಇದೆಯಲ್ಲ.”

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ಗುಲಾಬಿಯೂ ಕೇಳಲಿಲ್ಲ.

ಇಸ್ಲಾಮಾಬಾದಿನಲ್ಲಿ ಪೊಲೀಸರು ಬಂದು ಅಫ್ಘನ್ನರಿದ್ದ ಕೇರಿ ಖಾಲಿ ಮಾಡಿಸಿದ ಮೇಲೆ ಆ ಕುಟುಂಬ ಈಗ ರಾವಲ್ಪಿಂಡಿಯ ಒಂದು ಕೋಣೆಯಲ್ಲಿದೆ. ದೊಡ್ಡ ಮಗಳು ಶಾಲೆ ಬಿಟ್ಟಿದ್ದಾಳೆ. ಗುಲಾಬಿಯ ಮಗಳು ನವ್ಯಾ ಶನಿವಾರ ಬೆಳಗ್ಗೆ ವಿಡಿಯೊ ಕಾಲ್‌ನಲ್ಲಿ ಅವಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಾಳೆ. ಗುಲಾಬಿ ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ.