ಗರಗಸಕ್ಕೆ ಕಟ್ಟಿದ ಅರಿಶಿನದ ದಾರ

ನಮ್ಮಣ್ಣ ಕುರುಗೋಡಿನಲ್ಲಿ ಬಡಿಗ. ಬಾಗಿಲ ಚೌಕಟ್ಟಿನ ಮೇಲೆ ಕಮಲದ ಹೂ ಕೆತ್ತುವುದಿದ್ದರೆ ಬಾದನಹಟ್ಟಿಯವರೂ ಸಿರುಗುಪ್ಪದವರೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಎಡಗೈಯ ಬೆರಳುಗಳಲ್ಲಿ ಉಳಿಯನ್ನು ಹಗುರವಾಗಿ ಹಿಡಿದು, ಬಲಗೈಯ ಕೊಡತಿಯಿಂದ ಅದರ ತಲೆ ತಟ್ಟುತ್ತಿದ್ದ. ಆಗ ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ. ಊಟಕ್ಕೆ ಕರೆದು ಕರೆದು ನನ್ನ ಗಂಟಲೇ ಒಣಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿದ್ದದ್ದು ಅವ್ವ, ಅಣ್ಣ ಮತ್ತು ಊರ ಶಾಲೆಯಲ್ಲಿ ಟೀಚರಾಗಿದ್ದ ನಾನು.

ಎಂಬತ್ತರ ದಶಕದ ಆರಂಭದಲ್ಲಿ ಅವನು ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಕರೆಂಟಿನ ಗರಗಸವೊಂದನ್ನು ತಂದ. ಕೈಯಲ್ಲಿ ಹಿಡಿದೇ ಹಲಗೆಯ ಮೇಲೆ ಓಡಿಸುವಂಥದ್ದು. ಬಂದ ದಿನ ಜಗಲಿಯ ಮೇಲೆ ಕೂತು, ಅಂಗಡಿಯವನು ಹೇಳಿದ್ದನ್ನೆಲ್ಲ ಅವನ ದನಿಯಲ್ಲೇ ನಮಗೆ ಹೇಳಿ ತೋರಿಸಿದ. "ನೋಡ್ರಿ, ಹಲ್ಲಿನ ಮ್ಯಾಲ ಈ ಗಾರ್ಡ್ ಐತಲ್ಲ, ಇದು ತಾನಾ ಬಂದು ಮುಚ್ಕೋಬೇಕು. ಹಲಗಿ ನಡುವ ಕಿಂಡಿ ತೆಗಿಯಾಕ ಅಷ್ಟ ಎತ್ರಿ, ಬ್ಲೇಡು ಕಟಗಿಯೊಳಗ ಇಳಿದ ಕೂಡ್ಲೆ ಬಿಟ್ಟುಬಿಡ್ರಿ. ಚಕ್ರ ಪೂರ್ತಿ ನಿಲ್ಲೂಮಟ ಕೈ ಹತ್ರ ಒಯ್ಯಬ್ಯಾಡ್ರಿ." ಅಣ್ಣ ಗಾರ್ಡನ್ನು ಬೆರಳಿನಿಂದ ಎತ್ತಿ ಬಿಟ್ಟ. ಅದು ಠಕ್ ಎಂದು ಹಲ್ಲು ಮುಚ್ಚಿತು. ಮತ್ತೆ ಎತ್ತಿ ಬಿಟ್ಟ. ಹೊಸ ಆಟಿಕೆ ಸಿಕ್ಕವನ ಹಾಗಿತ್ತು ಅವನ ಸಂಭ್ರಮ.

ಆ ವರ್ಷದ ಮಹಾನವಮಿ ಬಂತು. ಆಯುಧಗಳ ಪೂಜೆ ನಮ್ಮ ಮನೆಯಲ್ಲಿ ಅವ್ವನದೇ. ಉಳಿ, ಬಾಚಿ, ಕೊಡತಿ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಒಂದೊಂದಕ್ಕೂ ಅರಿಶಿನದ ದಾರ ಸುತ್ತುತ್ತಿದ್ದಳು. ಸುತ್ತಿದ ದಾರವನ್ನು ದೀಪಾವಳಿಯವರೆಗೆ ಯಾರೂ ಬಿಚ್ಚುವಂತಿರಲಿಲ್ಲ. ಅದು ಅವ್ವ ತನ್ನ ಅತ್ತೆಯಿಂದ ಕಲಿತು ಬಂದ ಪದ್ಧತಿ. ಹೊಸ ಗರಗಸದ ಮುಂದೆ ಕೂತವಳು ವಿಭೂತಿಯ ಬೆರಳನ್ನು ಗಾಳಿಯಲ್ಲೇ ತಡೆದು ಹಿಡಿದಳು.

"ಇದರ ಮುಖಾನ ಕಾಣವಲ್ದಲ್ಲೋ. ಮುಖ ಮುಚ್ಚಿದ ದೇವ್ರಿಗೆ ಪೂಜಿ ಹೆಂಗ ಮಾಡ್ಲಿ?" ಎಂದಳು.

ಅಣ್ಣ ನಗುತ್ತಾ ಗಾರ್ಡನ್ನು ಹಿಂದಕ್ಕೆ ಎಳೆದು ಹಿಡಿದ. ಅವ್ವ ಹಲ್ಲುಗಳಿಗೆ ವಿಭೂತಿ ಹಚ್ಚಿದಳು. ಅವನು ಕೈ ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತದೆಂದು, ದಾರವನ್ನು ಗಾರ್ಡಿನಿಂದ ಹಿಡಿಕೆಗೆ ಎಳೆದು, ಸುತ್ತಿ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. ಅರಿಶಿನ ಒಣಗಿದ ಮೇಲೆ ಆ ದಾರ ಹುರಿಯಂತೆ ಗಟ್ಟಿಯಾಯಿತು.

ನನಗೆ ಮೊದಲಿನಿಂದಲೂ ಸಿಟ್ಟು ಮೂಗಿನ ತುದಿಯಲ್ಲೇ. ಬನ್ನಿ ಹಂಚಿಕೊಂಡ ಮರುದಿನ ಅವನು ದಾರದ ಸಮೇತ ಗರಗಸವನ್ನು ಚೀಲಕ್ಕೆ ಹಾಕುತ್ತಿದ್ದಾಗ, ಅದನ್ನು ಬಿಚ್ಚಿಟ್ಟು ಹೋಗು ಎಂದು ರೇಗಿದೆ.

"ಅವ್ವ ಕಟ್ಯಾಳಲೇ. ಬಿಚ್ಚಿದ್ರ ಮನಸ್ಸಿಗೆ ಹಚ್ಕೊಂತಾಳ," ಅಂದ. "ದೀಪಾವಳಿ ಎಷ್ಟು ದೂರ ಐತಿ? ನಾ ಹುಷಾರ್ ಅದೀನಿ, ಸುಮ್ಕಿರು."

ಹುಷಾರಿಯ ವಿಷಯದಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ಸಿರುಗುಪ್ಪದಲ್ಲಿ ಯಾರದೋ ಹೊಸ ಮನೆಯ ಬಾಗಿಲುಗಳ ಕೆಲಸ. ಮೊದಲ ದಿನಗಳಲ್ಲಿ, ತೆರೆದ ಹಲ್ಲಿನ ಮೇಲೆ ಕಣ್ಣಿಟ್ಟೇ ಕೊಯ್ದಿದ್ದಾನೆ. ಆದರೆ ಅವನ ಕೈಗೆ ಹಳೆಯ ಗರಗಸದ ರೂಢಿಯೊಂದಿತ್ತು. ಕೊಯ್ಯುವುದನ್ನು ನಿಲ್ಲಿಸಿದ ಕೂಡಲೇ, ಗೆರೆ ಕಾಣಲೆಂದು ಎಡಗೈಯಿಂದ ಹೊಟ್ಟು ಸವರಿ ಹಾಕುವುದು. ಕೈಗರಗಸ ನಿಲ್ಲಿಸಿದ ಕಡೆಯೇ ನಿಲ್ಲುತ್ತದೆ. ಕರೆಂಟಿನದು ಸ್ವಿಚ್ಚು ಬಿಟ್ಟ ಮೇಲೂ ತಿರುಗುತ್ತದೆ. ಆ ದಿನ ಹಲಗೆಯ ನಡುವೆ ಕಿಂಡಿ ಕೊಯ್ದು ಗರಗಸ ಎತ್ತಿದವನೇ ಹೊಟ್ಟು ಸವರಲು ಎಡಗೈ ಚಾಚಿದ್ದಾನೆ. ಮುಚ್ಚಿಕೊಳ್ಳಬೇಕಿದ್ದ ಗಾರ್ಡು ದಾರದ ಬಿಗಿಯಲ್ಲಿ ಹಾಗೇ ನಿಂತಿತ್ತು.

ಸುದ್ದಿ ತಿಳಿದು ನಾನು ಬಳ್ಳಾರಿಯ ಆಸ್ಪತ್ರೆಗೆ ಹೋದಾಗ ಎಡಗೈಗೆ ಬಟ್ಟೆ ಸುತ್ತಿತ್ತು. ತೋರುಬೆರಳೂ ನಡುಬೆರಳೂ ಹೋಗಿದ್ದವು. ಉಳಿ ಹಿಡಿಯುತ್ತಿದ್ದ ಬೆರಳುಗಳು ಅವೇ. ಬಯ್ಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡಿದ್ದ ಮಾತೆಲ್ಲ ಅವನ ಮುಖ ನೋಡಿ ಅಳುವಾಯಿತು. ಅವನು ನೋವಿನ ಮಾತೇ ಆಡಲಿಲ್ಲ.

"ಅವ್ವಗ ದಾರದ ಸುದ್ದಿ ಹೇಳಬ್ಯಾಡ," ಅಂದ. "ಗಾರ್ಡ್ ನಾನಾ ಎತ್ತಿ ಹಿಡ್ದಿದ್ದೆ ಅನ್ನು. ಬೆರಳು ಹೋದ್ವು, ಹೋಗ್ಲಿ. ಇದು ಗೊತ್ತಾದ್ರ ಆಕಿ ಉಳಿಯಂಗಿಲ್ಲ."

ಸಿರುಗುಪ್ಪದಿಂದ ಸಾಮಾನಿನ ಚೀಲ ಬಂದ ದಿನ ಅವ್ವ ನೋಡುವ ಮೊದಲೇ ಆ ದಾರವನ್ನು ಕತ್ತರಿಸಿ ಕಾಲುವೆಗೆ ಎಸೆದು ಬಂದೆ. ಗರಗಸ ಕಂಡಾಗ ಅವಳು "ದಾರ ಎಲ್ಲಿ?" ಎಂದು ಕೇಳಿದಳು. ರಕ್ತವಾಗಿತ್ತು, ಕಿತ್ತು ಹಾಕಿದೆವು ಎಂದೆ. ಅವ್ವ ತಲೆಯಾಡಿಸಿ ಒಳಗೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ.

ಗಾಯ ಮಾಗಿದ ಮೇಲೆ ಅಣ್ಣ ಕಮಲ ಕೆತ್ತಲು ಕೂತ. ಹೆಬ್ಬೆರಳು ಮತ್ತು ಉಂಗುರದ ಬೆರಳ ನಡುವೆ ಉಳಿ ನಿಲ್ಲುತ್ತಿರಲಿಲ್ಲ; ಕೊಡತಿಯ ಪೆಟ್ಟಿಗೆ ಜಾರಿ ದಳವನ್ನೇ ಸೀಳುತ್ತಿತ್ತು. ಕೆಲವು ದಿನ ಹಟ ಹಿಡಿದು ಕೂತವನು ಆಮೇಲೆ ಉಳಿಗಳನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಅಂದಿನಿಂದ ಬೆಂಚು, ಮಂಚ, ಬರೀ ಹಲಗೆಯ ಕದಗಳು. ಹೂ ಬೇಕೆಂದು ಬಂದವರಿಗೆ ಮೋಕಾದಲ್ಲಿದ್ದ ಇನ್ನೊಬ್ಬ ಬಡಿಗನ ಮನೆ ತೋರಿಸುತ್ತಿದ್ದ.

ಮರುವರ್ಷದ ಮಹಾನವಮಿಗೆ ಅವ್ವ ಉಳಿಗಳನ್ನೂ ಅಟ್ಟದಿಂದ ಇಳಿಸಿ ತೊಳೆದಿಟ್ಟಳು. ಎಲ್ಲದಕ್ಕೂ ದಾರ ಸುತ್ತಿ ಕೊನೆಗೆ ಗರಗಸದ ಮುಂದೆ ಬಂದಳು. ಅಣ್ಣ ಗಾರ್ಡು ಎಳೆದು ಹಿಡಿಯಲೆಂದು ಕೈ ಚಾಚಿದ. ಅವಳು ಆ ಕೈಯನ್ನು ಮೆತ್ತಗೆ ಸರಿಸಿದಳು. ತಾನೇ ಒಂದು ಬೆರಳಿನಿಂದ ಗಾರ್ಡನ್ನು ಎತ್ತಿ ಬಿಟ್ಟಳು. ಅದು ಠಕ್ ಎಂದು ಮುಚ್ಚಿತು. ಮುಚ್ಚಿದ ಗಾರ್ಡಿನ ಮೇಲೆಯೇ ವಿಭೂತಿ ಎಳೆದು, ದಾರವನ್ನು ಗಾರ್ಡಿಗೆ ತಾಕದ ಹಾಗೆ ಹಿಡಿಕೆಗೆ ಮಾತ್ರ, ಸಡಿಲವಾಗಿ, ಒಂದೇ ಸುತ್ತು ಕಟ್ಟಿದಳು.

"ಮುಖ ಮುಚ್ಕೊಂಡಾ ಇರ್ಲಿ," ಎಂದಳು.

ಅಣ್ಣನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾವು ಅವಳಿಗಾಗಿ ಮುಚ್ಚಿಟ್ಟಿದ್ದನ್ನು ಅವಳು ನಮಗಾಗಿ ವರ್ಷವಿಡೀ ಒಬ್ಬಳೇ ನುಂಗಿಕೊಂಡಿದ್ದಳು. ಕೈಯಲ್ಲಿ ಉಳಿದಿದ್ದ ತುಂಡು ದಾರವನ್ನು ಅವ್ವ ಕೆಳಗಿಟ್ಟಳು. ಆಮೇಲೆ ಅಣ್ಣನ ಎಡಗೈಯನ್ನು ತೊಡೆಯ ಮೇಲೆಳೆದುಕೊಂಡು, ಬೆರಳಿಲ್ಲದ ಜಾಗದ ಮೇಲೆ ಹಣೆಯಿಟ್ಟು ಜೋರಾಗಿ ಅತ್ತಳು.