ರಸ್ತೆ ಮೇಸ್ತ್ರಿ ಶಿಬೆಶಿಯ ಅರ್ಜಿ

ವೊಲ್ಲೊ ಪ್ರಾಂತ್ಯದ ಹೆದ್ದಾರಿಯಲ್ಲಿ, ಸೆಗ್ನೊ ಗೆಬೆಯಾ ಎಂಬ ಸಂತೆಯೂರಿನ ಆಚೀಚೆ ನಲವತ್ತು ಕಿಲೋಮೀಟರ್ ರಸ್ತೆ ಶಿಬೆಶಿಯದು. ಅಂದರೆ ಅಲ್ಲಿ ಗುಂಡಿ ಬಿದ್ದರೆ ಬೈಗುಳ ಅವನಿಗೆ, ಮೋರಿ ಕೊಚ್ಚಿಹೋದರೆ ಓಡಬೇಕಾದವನು ಅವನು. ಇಪ್ಪತ್ತೊಂದು ವರ್ಷದಿಂದ ರಸ್ತೆ ಮೇಸ್ತ್ರಿ. ಕೈಕೆಳಗೆ ಒಂಬತ್ತು ಆಳು, ಕೆಮ್ಮುತ್ತಾ ಓಡುವ ಒಂದು ಲಾರಿ. ಹದಿನೇಳನೇ ವಯಸ್ಸಿಗೇ ಗುಡ್ಡ ಸೇರಿ ಇಟಲಿಯವರ ಮೇಲೆ ಗುಂಡು ಹಾರಿಸಿದವನು. ದೇಶ ಬಿಟ್ಟು ಹೋಗಿದ್ದ ಚಕ್ರವರ್ತಿ ಮರಳಿ ಬಂದ ವರ್ಷ, ಅವರ ಕಾರು ಹಾದುಹೋದ ಮಣ್ಣಿಗೆ ಮುತ್ತಿಟ್ಟವನು. ‘ಜಾನ್‌ಹೊಯ್’, ಅಂದರೆ ಮಹಾಪ್ರಭು, ಎಂದು ಚಕ್ರವರ್ತಿಯ ಮಾತೆತ್ತುವಾಗ ಐವತ್ತೆರಡರ ವಯಸ್ಸಿನಲ್ಲೂ ಅವನ ದನಿ ತಾನಾಗಿ ತಗ್ಗುತ್ತಿತ್ತು.

೧೯೭೩ರಲ್ಲಿ ಮಳೆ ಮತ್ತೆ ಕೈಕೊಟ್ಟಿತು. ಮೊದಲು ಎತ್ತು ಸತ್ತವು, ಆಮೇಲೆ ಬೀಜದ ಟೆಫ್ ಕಾಳೂ ಜನರ ಹೊಟ್ಟೆ ಸೇರಿತು, ಆಮೇಲೆ ಜನ ಎದ್ದು ಹೆದ್ದಾರಿಗೆ ಬಂದರು. ಬಸ್ಸು ಲಾರಿ ಓಡಾಡುವ ಜಾಗ, ಯಾರಾದರೂ ಏನಾದರೂ ಕೊಟ್ಟಾರು ಎಂಬ ಆಸೆ. ಗಾಬಿ ಶಾಲು ಹೊದ್ದು ರಸ್ತೆಯಂಚಿಗೆ ಕೂತವರಲ್ಲಿ ಹಲವರು ಕೂತಲ್ಲೇ ಮುಗಿದುಹೋಗುತ್ತಿದ್ದರು. ಜಲ್ಲಿ ಹಾಕಬೇಕಾದ ಸಲಿಕೆಗಳಿಂದ ಶಿಬೆಶಿಯ ಆಳುಗಳು ಗುಂಡಿ ತೋಡತೊಡಗಿದರು. ಮುಸ್ಲಿಮರಾದರೆ ತಂಡದ ಹಿರಿಯ ಆಳು ಯಿಮರ್ ದುವಾ ಹೇಳುತ್ತಿದ್ದ, ಕ್ರೈಸ್ತರಾದರೆ ಶಿಬೆಶಿ ತನಗೆ ಬಂದಷ್ಟು ಪ್ರಾರ್ಥನೆ ಹೇಳುತ್ತಿದ್ದ. ಯಾವ ಮತದವರೆಂದು ತಿಳಿಯದಿದ್ದರೆ ಇಬ್ಬರೂ ಹೇಳುತ್ತಿದ್ದರು.

ಆ ತಿಂಗಳ ರಸ್ತೆ ವರದಿಯಲ್ಲಿ ಶಿಬೆಶಿ ಇದನ್ನೆಲ್ಲ ಬರೆದು, ಧಾನ್ಯದ ಲಾರಿ ಕಳಿಸಬೇಕೆಂದು ಕೇಳಿಕೊಂಡ. ಮೂರನೇ ದಿನ ತಾಲ್ಲೂಕು ಅಧಿಕಾರಿ ಗೆಸ್ಸೆಸೆ ಅವನನ್ನು ಕಚೇರಿಗೆ ಕರೆಸಿದ.

“ರಸ್ತೆ ವರದೀಲಿ ಹೆಣದ ವಿಷಯ ಯಾಕಯ್ಯ ಬರೀತೀಯ?”

“ರಸ್ತೆ ಮೇಲೇ ಬಿದ್ದಿವೆ ಸ್ವಾಮಿ, ಅದಕ್ಕೆ.”

“ಹಸಿವಿಂದ ಸತ್ರು ಅಂತ ಯಾವ ಡಾಕ್ಟ್ರು ಹೇಳಿದ್ರು?”

“ಪಕ್ಕೆಲುಬು ಎದ್ದಿರೋದನ್ನ ನೋಡೋಕೂ ಡಾಕ್ಟ್ರು ಬೇಕಾ ಸ್ವಾಮಿ?”

ಗೆಸ್ಸೆಸೆ ಎದ್ದು ಬಾಗಿಲು ಮುಚ್ಚಿದ. ಕೆಟ್ಟವನೇನಲ್ಲ. ಪುಕ್ಕಲ. “ನೋಡು ಮೇಸ್ತ್ರಿ, ನಾನಿದನ್ನ ಮೇಲೆ ಕಳಿಸಿದ್ರೆ ಗವರ್ನರಿಗೆ ಸಿಟ್ಟು. ಗವರ್ನರು ಕಳಿಸಿದ್ರೆ ಮಂತ್ರಿಗೆ ಸಿಟ್ಟು. ಮಂತ್ರಿ ಬಾಯಿಬಿಟ್ರೆ ಜಾನ್‌ಹೊಯ್ ಮುಖ ಆ ಕಡೆ ತಿರುಗಿಸ್ತಾರೆ, ಅವನ ಕಥೆ ಅಲ್ಲಿಗೆ ಮುಗೀತು. ಸಿಹಿ ಸುದ್ದಿ ತಂದವನಿಗೆ ಜಮೀನು, ಕಹಿ ಸುದ್ದಿ ತಂದವನಿಗೆ ಎತ್ತಂಗಡಿ. ನನಗೆ ನಾಲ್ಕು ಮಕ್ಕಳಿದಾರೆ. ಹೋಗು, ಗುಂಡಿ ಎಷ್ಟಿವೆ ಅಷ್ಟು ಬರ್ಕೊಂಡು ಬಾ.”

ಶಿಬೆಶಿ ಮನೆಗೆ ಬಂದು ಇಂಜೆರಾ ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. “ಮಧ್ಯದವರೇ ಹಾಳು. ಜಾನ್‌ಹೊಯ್ ಕಿವಿಗೆ ಬಿದ್ರೆ ಒಂದೇ ದಿನದಲ್ಲಿ ಕಣಜ ತೆಗೆಸ್ತಾರೆ” ಎಂದ.

ಹೆಂಡತಿ ಯೆಶಿ ಕಾಫಿ ಬೀಜ ಹುರಿಯುತ್ತಿದ್ದಳು. “ನಿಂದು ಮೂವತ್ತು ವರ್ಷದಿಂದ ಇದೇ ರಾಗ. ನಮ್ಮನೆ ಹಿಟ್ಟಿನ ಮಡಕೆ ಖಾಲಿ ಆಯ್ತಾ ಅಂತ ನಾನೇ ಬಗ್ಗಿ ನೋಡ್ತೀನಪ್ಪ. ಪಕ್ಕದ ಮನೆಯವಳು ಬಂದು ಹೇಳ್ಲಿ ಅಂತ ಕಾಯ್ತಾ ಕೂರ್ತೀನಾ?”

“ಮನೆ ನಡೆಸೋದೂ ದೇಶ ಆಳೋದೂ ಒಂದೇನೇ?”

“ಅಲ್ಲ. ಮನೇಲಾದ್ರೆ ತಪ್ಪು ಮಾಡಿದವಳಿಗೂ ಹಸಿವಾಗುತ್ತೆ.”

ಅವನಿಗೆ ಮೈಯೆಲ್ಲ ಉರಿಯಿತು. ಎದ್ದು ಅಂಗಳಕ್ಕೆ ಹೋದ.

ಕೆಲವೇ ವಾರದಲ್ಲಿ ರಾಜಧಾನಿಯಿಂದ ಮಂತ್ರಿಗಳು, ಜೊತೆಗೆ ವಿದೇಶೀ ಅತಿಥಿಗಳು ಆ ದಾರಿಯಲ್ಲಿ ಹಾದುಹೋಗುವ ಸುದ್ದಿ ಬಂತು. ಗೆಸ್ಸೆಸೆ ಹೇಳಿಕಳಿಸಿದ: ರಸ್ತೆಯಂಚಿನ ಜನರನ್ನು ಗುಡ್ಡದ ಹಿಂದಕ್ಕೆ ಕಳಿಸು, ಅಲ್ಲಿಗೆ ಧಾನ್ಯದ ಲಾರಿ ಬರುತ್ತೆ. ಶಿಬೆಶಿಗೆ ಖುಷಿಯೇ ಆಯಿತು. ಅಂತೂ ವರದಿ ಮುಟ್ಟಿದೆ ಎಂದುಕೊಂಡು ಒಬ್ಬೊಬ್ಬರ ಬಳಿಯೂ ತಾನೇ ಹೋಗಿ ಹೇಳಿದ. ಒಬ್ಬ ಮುದುಕಿ ಮಾತ್ರ ಅಲುಗಾಡಲಿಲ್ಲ.

“ನಿನ್ನ ಮಾತು ನಂಬ್ಲಾ ಮಗನೇ? ಅಲ್ಲೀ ತನಕ ನಡೆದ್ರೆ ವಾಪಸ್ ಬರೋಕೆ ಕಾಲಲ್ಲಿ ಶಕ್ತಿ ಇಲ್ಲ.”

“ನಂಬವ್ವ. ಸರ್ಕಾರದ ಮಾತು.” ಅವಳನ್ನು ತೋಳು ಹಿಡಿದು ನಡೆಸಿಕೊಂಡು ಹೋದ.

ಕಾರುಗಳು ಧೂಳೆಬ್ಬಿಸಿ ಹೋದವು. ಲಾರಿ ಬರಲಿಲ್ಲ. ಸಂಜೆಯವರೆಗೂ ಇಲ್ಲ, ಮಾರನೆಯ ದಿನವೂ ಇಲ್ಲ. ಗುಡ್ಡದ ಹಿಂದೆ ಶಿಬೆಶಿ ಯಿಮರ್ ಜೊತೆ ಏಳು ಗುಂಡಿ ತೋಡಿದ. ಮುದುಕಿ ಬದುಕಿದ್ದಳು. ಇವನು ನೀರಿನ ಚೊಂಬು ಹಿಡಿದು ಹತ್ತಿರ ಹೋದಾಗ ಮುಖ ತಿರುಗಿಸಿಕೊಂಡಳು. ಗೆಸ್ಸೆಸೆಯನ್ನು ಕೇಳಿದರೆ, “ನನಗೂ ಹಾಗೇ ಹೇಳಿದ್ರಪ್ಪ” ಎಂದು ಕೈಚೆಲ್ಲಿದ.

ಅಂದೇ ಶಿಬೆಶಿ ಗಟ್ಟಿಮನಸ್ಸು ಮಾಡಿದ. ಚಳಿಗಾಲದ ಆರಂಭದಲ್ಲಿ ಖುದ್ದು ಚಕ್ರವರ್ತಿಯೇ ಪ್ರಾಂತ್ಯಕ್ಕೆ ಬರುವವರಿದ್ದರು. ಚರ್ಚಿನ ಬಳಿ ಕೂರುವ ಅರ್ಜಿ ಬರಹಗಾರನಿಂದ ದುಂಡು ಅಕ್ಷರದಲ್ಲಿ ಎರಡು ಹಾಳೆ ಬರೆಸಿದ. ಯಾವ ಊರಿನಲ್ಲಿ ಎಷ್ಟು ಮನೆ ಖಾಲಿಯಾಗಿವೆ, ಎಲ್ಲಿ ಧಾನ್ಯ ದಾಸ್ತಾನಿದೆ, ಎಲ್ಲವೂ ಅದರಲ್ಲಿತ್ತು. ಗುಡ್ಡದ ಹಿಂದಿನ ಕಥೆಯನ್ನೂ ಬಿಡಲಿಲ್ಲ.

ಕಾರು ಬಂದಾಗ ತಾನೇ ಮಟ್ಟಮಾಡಿದ ರಸ್ತೆಯ ನಟ್ಟನಡುವೆ ಬೋರಲು ಬಿದ್ದ. ಪೊಲೀಸರು ಎಳೆಯುವಷ್ಟರಲ್ಲಿ ಕಾರು ನಿಂತಿತು. ಕಿಟಕಿಯೊಳಗೆ ಸಣ್ಣ ಮುಖ, ನರೆತ ಗಡ್ಡ. ಆ ದಣಿದ ಕಣ್ಣುಗಳು ಒಂದು ಗಳಿಗೆ ಇವನ ಮೇಲೆ ನಿಂತವು. ಒಬ್ಬ ಅಧಿಕಾರಿ ಇಳಿದು ಅರ್ಜಿ ಇಸಿದುಕೊಂಡ. ಶಿಬೆಶಿ ಅಳುತ್ತಲೇ ಮನೆಗೆ ಹೋದ. “ಕೊಟ್ಟೆ ಕಣೇ. ಕೈಗೇ ತಲುಪಿಸಿದೆ!”

ಯೆಶಿ ಅವನ ಅಂಗಿಯ ಧೂಳು ಕೊಡವಿದಳು. ಆ ಮುಖ ನೋಡಿ ಅವಳಿಗೂ ಆಸೆ ಹುಟ್ಟಿರಬೇಕು.

ಮೂರು ತಿಂಗಳ ಮೇಲೆ ಗೆಸ್ಸೆಸೆ ಮತ್ತೆ ಕರೆಸಿದ. ಮೇಜಿನ ಮೇಲೆ ಅದೇ ಎರಡು ಹಾಳೆ. ಈಗ ಅದರ ಮೈತುಂಬ ಮೊಹರು. ಅರಮನೆಯಿಂದ ಮಂತ್ರಾಲಯಕ್ಕೆ, ಅಲ್ಲಿಂದ ಗವರ್ನರ ಕಚೇರಿಗೆ, ಅಲ್ಲಿಂದ ಇಲ್ಲಿಗೆ. ಕೊನೆಯಲ್ಲಿ ಒಂದು ಸಾಲು: ‘ಸಂಬಂಧಪಟ್ಟ ಅಧಿಕಾರಿ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು.’

“ಯಾರ ಮೇಲೆ ದೂರು ಕೊಟ್ಯೋ ಅವನ ಕೈಗೇ ಬಂದಿದೆ ನೋಡು” ಎಂದು ಗೆಸ್ಸೆಸೆ ನಕ್ಕ. ಆಮೇಲೆ ನಗು ನಿಲ್ಲಿಸಿ ತಲೆಗೆ ಕೈಕೊಟ್ಟು ಕೂತ. “ಧಾನ್ಯ ಕೊಡು ಅಂತಿಲ್ಲ. ಕೊಡಬೇಡ ಅಂತಲೂ ಇಲ್ಲ. ಏನು ಮಾಡ್ಬೇಕು ನಾನು? ನೀನೇ ಹೇಳು.”

“ಅವರು ಓದಿದ್ರಾ ಸ್ವಾಮಿ?”

“ಓದಿದ್ರೆ ಒಂದು ಕಷ್ಟ, ಓದದಿದ್ರೆ ಇನ್ನೊಂದು ಕಷ್ಟ. ನಿನಗೆ ಯಾವುದು ಬೇಕು ಆರಿಸ್ಕೋ.”

ಶಿಬೆಶಿ ಅರ್ಜಿಯನ್ನು ಎತ್ತಿಕೊಂಡು ಹೊರಬಂದ. ಬೈಯಬೇಕೆಂದರೆ ಯಾರನ್ನು ಬೈಯುವುದು? ದಾರಿಬದಿಯ ಮೈಲಿಗಲ್ಲಿಗೆ ಕಾಲು ನೋಯುವಷ್ಟು ಒದ್ದ.

ಅಷ್ಟರಲ್ಲಿ ದಕ್ಷಿಣದಲ್ಲಿ ಸಿಪಾಯಿಗಳು ಕೊಳಕು ನೀರು, ಕೆಟ್ಟ ಊಟ ಎಂದು ತಮ್ಮ ಸೇನಾಧಿಕಾರಿಗಳನ್ನೇ ಹಿಡಿದಿಟ್ಟ ಸುದ್ದಿ ಬಂತು. ಚಕ್ರವರ್ತಿ ಸಂಬಳ ಏರಿಸಿದರು. ಇನ್ನೊಂದು ಕಡೆ ಗಲಾಟೆಯಾಯಿತು, ಮತ್ತೆ ಏರಿಸಿದರು. ಊರೂರಲ್ಲಿ ಗಲಾಟೆಯೆದ್ದಿತು, ಪ್ರಧಾನಿಯನ್ನು ಬದಲಿಸಿದರು. ಮಳೆಗಾಲ ಪೂರ್ತಿ ಅವರ ಸುತ್ತಲಿನವರನ್ನು ಸೇನೆಯವರು ಒಬ್ಬೊಬ್ಬರಾಗಿ ಎತ್ತಿಕೊಂಡು ಹೋದರು. ಚಕ್ರವರ್ತಿ ಯಾರನ್ನೂ ಬಿಡಿಸಲಿಲ್ಲ, ಯಾರನ್ನೂ ಗದರಲಿಲ್ಲ. ಕಾಫಿ ಅಂಗಡಿಯಲ್ಲಿ ರೇಡಿಯೋ ಕೇಳುತ್ತಾ ಶಿಬೆಶಿ ಹಲ್ಲು ಕಡಿಯುತ್ತಿದ್ದ. “ಏನಾದ್ರೂ ಒಂದು ಮಾಡ್ರಪ್ಪ! ಒಳ್ಳೇದೋ ಕೆಟ್ಟದ್ದೋ, ಒಂದು ಮಾತಾಡಿ!”

“ನಿಮ್ಮ ಜಾನ್‌ಹೊಯ್ ನಿನ್ನ ಅರ್ಜಿ ಓದ್ತಾ ಕೂತಿರ್ಬೇಕು” ಎಂದು ಅಂಗಡಿಯವನು ಚುಚ್ಚಿದ. ಎಲ್ಲರೂ ಗೊಳ್ಳೆಂದರು.

ಸೆಪ್ಟೆಂಬರಿನಲ್ಲಿ ಬರುವ ಅಲ್ಲಿನ ಹೊಸ ವರ್ಷದ ಮಾರನೆಯ ದಿನ, ಹೊಲದಂಚಿನಲ್ಲಿ ಹಳದಿ ಹೂವು ಅರಳಿದ್ದಾಗ, ಚಕ್ರವರ್ತಿಯನ್ನು ಪುಟ್ಟ ಕಾರೊಂದರಲ್ಲಿ ಅರಮನೆಯಿಂದ ಕರೆದೊಯ್ದರೆಂದು ರೇಡಿಯೋ ಹೇಳಿತು. ಬೀದಿಯಲ್ಲಿ ಹೆಂಗಸರು ಖುಷಿಗೆ ಉಲಿಲಿಲಿ ಎಂದು ಕೂಗಿದರು. ಶಿಬೆಶಿ ಮನೆಯ ಗೋಡೆಯ ಮೇಲಿದ್ದ ಚಕ್ರವರ್ತಿಯ ಪಟ ಇಳಿಸಿದ. ಕುಣಿಯಲೂ ಇಲ್ಲ, ಅಳಲೂ ಇಲ್ಲ. “ಅವರನ್ನ ಯಾರೂ ತಳ್ಳಬೇಕಾಗಿರ್ಲಿಲ್ಲ ಕಣೇ, ತಾವಾಗೇ ಬಿದ್ರು” ಎಂದ ಯೆಶಿಗೆ. “ಒಂದು ಸಲ ಕಾರಿಂದ ಇಳಿದು ಗುಡ್ಡದ ಹಿಂದೆ ನೋಡಿದ್ರೆ ಸಾಕಿತ್ತು. ನಮ್ಮಂಥವರು ಈಗ್ಲೂ ಅಡ್ಡ ನಿಂತು ಕಾಪಾಡ್ತಿದ್ವಿ.”

ತಿಂಗಳೊಳಗೆ ಹೊಸ ಸೇನಾ ಸರ್ಕಾರದವರು ಗೆಸ್ಸೆಸೆಯನ್ನು ಹಿಡಿದರು. ಸಾಕ್ಷಿ ಹೇಳಲು ಶಿಬೆಶಿಗೆ ಕರೆ ಬಂತು. ಆಗಷ್ಟೇ ಬಂದಿದ್ದ ಲೆಫ್ಟಿನೆಂಟ್ ಅದೇ ಮೇಜಿನ ಹಿಂದೆ ಕೂತು ಬರೆದುಕೊಳ್ಳುತ್ತಿದ್ದ. ಶಿಬೆಶಿ ನಡೆದದ್ದು ನಡೆದ ಹಾಗೆ ಹೇಳಿದ.

“ಜನರನ್ನ ಗುಡ್ಡದ ಹಿಂದಕ್ಕೆ ಕಳಿಸಿದ್ದು ನಾನು. ಅದನ್ನೂ ಬರ್ಕೊಳ್ಳಿ.”

ಲೆಫ್ಟಿನೆಂಟ್ ಬರೆಯುವುದನ್ನು ನಿಲ್ಲಿಸಿ ಪೆನ್ನು ಮೇಲೆತ್ತಿದ. “ನೀನು ಬಡವ, ನಮ್ಮವನು. ಅದೆಲ್ಲ ಬೇಡ.”

“ಬಿಟ್ರೆ ವರದಿ ಸುಳ್ಳಾಗುತ್ತಲ್ಲ ಸ್ವಾಮಿ?”

“ಮೇಲಿನವರಿಗೆ ಎಷ್ಟು ಬೇಕೋ ಅಷ್ಟು ಬರೆದಿದೀನಿ. ಹೆಬ್ಬೆಟ್ಟು ಒತ್ತು.”

“ನನಗೆ ಸಹಿ ಬರುತ್ತೆ” ಎಂದ ಶಿಬೆಶಿ ಸಿಡುಕಿನಿಂದ. ಕಾಗದ ತಿರುಗಿಸಿಕೊಂಡು ಪೂರ್ತಿ ಓದಿದ. ಗುಡ್ಡದ ಮಾತೇ ಅದರಲ್ಲಿರಲಿಲ್ಲ. ಸಹಿ ಹಾಕದೆ ಎದ್ದು ಹೊರಗೆ ನಡೆದ. ಹಿಂದಿನಿಂದ ಲೆಫ್ಟಿನೆಂಟ್ ಅವನ ಹೆಸರು ಹಿಡಿದು ಕೂಗುತ್ತಲೇ ಇದ್ದ.